ಸೂಟು ಬಿಚ್ಚಿಸಿದ ರೇಡಿಯೋ

ಕೇಳುಗರಿಗೆ ನಮಸ್ಕಾರ.

ಎರಡು ಹಳೇ ಫೋಟೋಗಳಿಂದ ಮಾತು ಶುರು ಮಾಡುತ್ತೇನೆ. ರೇಡಿಯೋದಲ್ಲಿ ಫೋಟೋ ತೋರಿಸುವ ಹಾಗಿಲ್ಲ, ನೀವೇ ಕಣ್ಣಮುಂದೆ ತಂದುಕೊಳ್ಳಬೇಕು. ಎರಡರಲ್ಲೂ ಇರುವುದು ಕಂಟ್ರಿ ಸಂಗೀತ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತ ನುಡಿಸುವ ಒಂದೇ ವಾದ್ಯತಂಡ. ಅಮೆರಿಕದ ಟೆನೆಸ್ಸಿ ರಾಜ್ಯದವರು, ಕಾಲ 1920ರ ದಶಕ. ಮೊದಲನೆಯದರಲ್ಲಿ ಎಲ್ಲರೂ ಸೂಟು ಬೂಟು, ಕೊರಳಿಗೆ ಟೈ. ಎರಡನೆಯದರಲ್ಲಿ ಅದೇ ಜನ, ಆದರೆ ಮೈಮೇಲೆ ಹೊಲದಲ್ಲಿ ದುಡಿಯುವವರ ಪಟ್ಟಿ ಪ್ಯಾಂಟು, ತಲೆಗೆ ನುಗ್ಗುನುಜ್ಜಾದ ಹ್ಯಾಟು. ಇದರಲ್ಲಿ ಅಸಲಿ ಯಾವುದು ಅಂತ ಕೇಳಿದರೆ ನಾವೆಲ್ಲ ಎರಡನೆಯದಕ್ಕೇ ಬೆರಳು ತೋರಿಸುತ್ತೇವೆ, ಅಲ್ವಾ? ಆದರೆ ಅವರು ವೇಷ ಹಾಕಿಕೊಂಡದ್ದು ಆ ಎರಡನೆಯದರಲ್ಲೇ.

ತಂಡದ ಯಜಮಾನರು ಹಂಫ್ರಿ ಬೇಟ್. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಓದಿ ಡಾಕ್ಟರಾದವರು. ಹಗಲು ರೋಗಿಗಳನ್ನು ನೋಡುವುದು, ಬಿಡುವಿನಲ್ಲಿ ಮೌತ್ ಆರ್ಗನ್ ನುಡಿಸುವುದು. ತಂಡಕ್ಕೆ ಮೊದಲು ಸ್ಟ್ರಿಂಗ್ ಆರ್ಕೆಸ್ಟ್ರಾ ಅಂತ ಘನವಾದ ಹೆಸರೇ ಇತ್ತು. ಅವರು ನ್ಯಾಶ್‌ವಿಲ್‌ನ ಡಬ್ಲ್ಯೂಎಸ್‌ಎಂ ರೇಡಿಯೋಗೆ ಬಂದ ಮೇಲೆ ಅಲ್ಲಿನ ಜಾರ್ಜ್ ಹೇ ಆ ಹೆಸರನ್ನು ಕಿತ್ತುಹಾಕಿ 'ಪೊಸಮ್ ಹಂಟರ್ಸ್' ಅಂತ ಇಟ್ಟರು. ಪೊಸಮ್ ಅಂದರೆ ಅಲ್ಲಿ ಬೆಕ್ಕಿನಷ್ಟು ದೊಡ್ಡದಾಗುವ ಒಂದು ಕಾಡುಪ್ರಾಣಿ. ಡಾಕ್ಟರು ರಾತ್ರೋರಾತ್ರಿ ಬೇಟೆಗಾರರಾದರು!

ಈ ಹೇ ಕೂಡ ಸಾಮಾನ್ಯರಲ್ಲ. ತಮ್ಮನ್ನು ತಾವು 'ಗಂಭೀರ ಮುದಿ ಜಡ್ಜ್' ಅಂತ ಕರೆದುಕೊಳ್ಳುತ್ತಿದ್ದರು. ಜಡ್ಜೂ ಅಲ್ಲ, ಮುದುಕರೂ ಅಲ್ಲ. ಪತ್ರಿಕೆಯಲ್ಲಿ ಕೆಲಸ ಮಾಡಿ ಬಂದವರು, ಆಗಿನ್ನೂ 30ರ ವಯಸ್ಸು. ಸ್ಟೇಷನ್ ಒಂದು ವಿಮಾ ಕಂಪನಿಯದು. 'ವಿ ಶೀಲ್ಡ್ ಮಿಲಿಯನ್ಸ್', ಅಂದರೆ 'ಲಕ್ಷಾಂತರ ಜನಕ್ಕೆ ನಾವು ರಕ್ಷೆ' ಎಂಬ ಕಂಪನಿಯ ಘೋಷಣೆಯಿಂದಲೇ ಸ್ಟೇಷನ್ ಹೆಸರಿನ ಆ ಮೂರು ಅಕ್ಷರ ಬಂದಿದ್ದು. ಹಳ್ಳಿಯವರಿಗೆ ಪಾಲಿಸಿ ಮಾರಬೇಕಾದರೆ ಹಾಡುವವರು ಹಳ್ಳಿಯವರ ಹಾಗೆ ಕಾಣಬೇಕು ತಾನೇ? ಕೇಳುವವರಿಗೆ ಬಟ್ಟೆ ಕಾಣದಿದ್ದರೂ, ಪ್ರಚಾರದ ಫೋಟೋದಲ್ಲಿ ಕಾಣುತ್ತಿತ್ತಲ್ಲ.

1925ರ ನವೆಂಬರ್‌ನಲ್ಲಿ ಶುರುವಾದ ಆ ಶನಿವಾರದ ಕಾರ್ಯಕ್ರಮ ಇವತ್ತಿಗೂ ನಡೆಯುತ್ತಿದೆ. ಹೆಸರು 'ಗ್ರ್ಯಾಂಡ್ ಓಲ್ ಆಪ್ರಿ'. ಕಂಟ್ರಿ ಸಂಗೀತದವರಿಗೆ ಅದೇ ಗುಡಿ, ಅದೇ ಗರ್ಭಗುಡಿ. ಹೆಸರು ಬಂದ ಕಥೆಯನ್ನು ಹೇ ಅವರೇ ಬರೆದಿಟ್ಟಿದ್ದಾರೆ. 1927ರ ಡಿಸೆಂಬರ್‌ನ ಒಂದು ರಾತ್ರಿ. ಇವರ ಕಾರ್ಯಕ್ರಮಕ್ಕೆ ಮುಂಚೆ ಶಾಸ್ತ್ರೀಯ ಸಂಗೀತ ಪ್ರಸಾರವಾಗುತ್ತಿತ್ತು. ಅದನ್ನು ನಡೆಸುತ್ತಿದ್ದ ವಾಲ್ಟರ್ ಡ್ಯಾಮ್ರೋಶ್, ಇದ್ದದ್ದನ್ನು ಇದ್ದ ಹಾಗೆ ತೋರಿಸುವುದಕ್ಕೆ ಶಾಸ್ತ್ರೀಯ ಸಂಗೀತದಲ್ಲಿ ಜಾಗವಿಲ್ಲ ಎಂದರಂತೆ. ಹಾಗಂದವರೇ ಕೊನೆಗೆ ರೈಲಿನ ಸದ್ದನ್ನು ಹಿಡಿಯಲು ಹೊರಟ ಒಂದು ಆರ್ಕೆಸ್ಟ್ರಾ ಕೃತಿ ನುಡಿಸಿದರು.

ಹೇ ಮೈಕ್ ಹಿಡಿದು, ನಮ್ಮಲ್ಲಿ ಮುಂದಿನ ಮೂರು ಗಂಟೆ ಇದ್ದದ್ದು ಇದ್ದ ಹಾಗೆಯೇ ಎಂದು ಹೇಳಿ ಒಬ್ಬ ಕುಳ್ಳ ಮನುಷ್ಯನನ್ನು ಮೈಕಿನ ಮುಂದೆ ತಂದರು. ಹೆಸರು ಡಿಫೋರ್ಡ್ ಬೈಲಿ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಬೆಳವಣಿಗೆ ನಿಂತಿತ್ತು, ಎತ್ತರ ಐದಡಿಗೂ ಕಡಿಮೆ. ಕೈಯಲ್ಲಿ ಒಂದು ಮೌತ್ ಆರ್ಗನ್, ಅಷ್ಟೇ. ಅದರಲ್ಲೇ ಪ್ಯಾನ್ ಅಮೆರಿಕನ್ ಎಂಬ ಎಕ್ಸ್‌ಪ್ರೆಸ್ ರೈಲನ್ನು ಓಡಿಸಿಬಿಟ್ಟರು. ದೂರದಿಂದ ಬರುವ ಸೀಟಿ, ಉಗಿಯ ಉಸಿರು, ಗಾಲಿಯ ಲಯ, ಎಲ್ಲ. ಮುಗಿದ ಮೇಲೆ ಹೇ ಅಂದರು: ಇಷ್ಟು ಹೊತ್ತು ಗ್ರ್ಯಾಂಡ್ ಆಪೆರಾ ಕೇಳಿದಿರಿ, ಇನ್ನು ಗ್ರ್ಯಾಂಡ್ ಓಲ್ ಆಪ್ರಿ. ಆಪೆರಾ ಅಂದರೆ ಅಲ್ಲಿನ ಘನವಾದ ಸಂಗೀತನಾಟಕ, ಆಪ್ರಿ ಅದರ ಹಳ್ಳಿ ಉಚ್ಚಾರ.

ಹೆಸರು ಅಂಟಿಕೊಂಡಿತು. ಬೈಲಿ ಕಪ್ಪು ಜನಾಂಗದವರು. ರೇಡಿಯೋ ಕೇಳುವವರಲ್ಲಿ ಬಹಳ ಮಂದಿಗೆ ಅದು ಗೊತ್ತೇ ಇರಲಿಲ್ಲ. ತಂಡದ ಜೊತೆ ಊರೂರು ತಿರುಗುವಾಗ ಮಾತ್ರ ಗೊತ್ತಾಗುತ್ತಿತ್ತು. ಬಿಳಿಯ ಕಲಾವಿದರು ಉಳಿದ ಹೋಟೆಲಿನಲ್ಲಿ ಇವರಿಗೆ ಹಾಸಿಗೆ ಸಿಗುತ್ತಿರಲಿಲ್ಲ, ಊಟವೂ ಕಷ್ಟ. 1941ರಲ್ಲಿ ಅವರನ್ನು ತೆಗೆದುಹಾಕಿದರು. ಹಾಡುಗಳ ಹಕ್ಕಿನ ಬಗ್ಗೆ ರೇಡಿಯೋದವರಿಗೂ ಹಕ್ಕುದಾರರ ಸಂಘಕ್ಕೂ ಆಗ ಜಗಳ ನಡೆದಿತ್ತು, ಇವರ ಹೆಸರುವಾಸಿ ಹಾಡುಗಳನ್ನು ನುಡಿಸುವಂತಿರಲಿಲ್ಲ. ಆದರೆ ಹೇ ಆಮೇಲೆ ಬರೆದದ್ದು ಬೇರೆ: ಬೈಲಿ ಸೋಮಾರಿ, ಹೊಸದು ಕಲಿಯಲಿಲ್ಲ ಅಂತ. ಈ ಸಾಲು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮುಂದೆ ಬೈಲಿ ಅದೇ ಊರಿನಲ್ಲಿ ಬೂಟ್ ಪಾಲಿಶ್ ಅಂಗಡಿ ಇಟ್ಟುಕೊಂಡು ಬದುಕಿದರು.

ಬೈಲಿ ಒಬ್ಬರದೇ ಕಥೆಯಲ್ಲ ಇದು. ಕಂಟ್ರಿಯವರು ನುಡಿಸುವ ಬ್ಯಾಂಜೊ ಆಫ್ರಿಕದಿಂದ ಬಂದ ಗುಲಾಮರ ಕೈಯಲ್ಲಿ ಹುಟ್ಟಿದ ತಂತಿವಾದ್ಯ. 'ಕಂಟ್ರಿ ಸಂಗೀತದ ತಂದೆ' ಜಿಮ್ಮಿ ರಾಜರ್ಸ್ 1930ರಲ್ಲಿ ರೆಕಾರ್ಡ್ ಮಾಡಿದ ಒಂದು ಹಾಡಿನಲ್ಲಿ ಟ್ರಂಪೆಟ್ ಊದಿದ್ದು ಕಪ್ಪು ಜನಾಂಗದ ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್. ಗ್ರಾಮಫೋನ್ ತಟ್ಟೆಯ ಮೇಲೆ ಆರ್ಮ್‌ಸ್ಟ್ರಾಂಗ್ ಹೆಸರೇ ಇಲ್ಲ. ಬಿಳಿಯರ ಹಾಡು, ಕರಿಯರ ಹಾಡು ಅಂತ ಕಂಪನಿಗಳು ಎರಡು ಪಟ್ಟಿ ಮಾಡಿ ಮಾರುತ್ತಿದ್ದ ಕಾಲ ಅದು. 1966ರಲ್ಲಿ ಕಪ್ಪು ಗಾಯಕ ಚಾರ್ಲಿ ಪ್ರೈಡ್ ಬಂದಾಗಲೂ ಕಂಪನಿ ಅವರ ಮೊದಲ ಹಾಡುಗಳನ್ನು ಫೋಟೋ ಇಲ್ಲದೆ ಕಳಿಸಿತು. ಮಿಸಿಸಿಪ್ಪಿಯಲ್ಲಿ ಹತ್ತಿ ಬಿಡಿಸಿ ಬೆಳೆದವರು ಅವರು. ಇದಕ್ಕಿಂತ ಹಳ್ಳಿಯ ಬದುಕು ಬೇಕಾ? ಡೆಟ್ರಾಯಿಟ್‌ನಲ್ಲಿ ಅವರ ಹೆಸರು ಕೂಗಿದಾಗ ಜೋರು ಚಪ್ಪಾಳೆ. ಮನುಷ್ಯ ಕಂಡ ಕೂಡಲೇ ಸದ್ದಡಗಿತು. ಅವರೇ ತಮ್ಮ ಮೈಬಣ್ಣದ ಮೇಲೆ ತಮಾಷೆ ಮಾಡಿದ ಮೇಲೆ ಚಪ್ಪಾಳೆ ವಾಪಸ್ ಬಂತು. ಐದು ವರ್ಷದಲ್ಲಿ ಅವರು ಆ ರಂಗದ ವರ್ಷದ ಕಲಾವಿದ.

ಅಸಲಿತನದ ಲೆಕ್ಕ ಬಿಳಿಯರ ನಡುವೆಯೂ ವಿಚಿತ್ರವೇ. ಜಾನಿ ಕ್ಯಾಶ್ ಜೈಲಿನ ಹಾಡುಗಳಿಂದ ಹೆಸರಾದವರು. ಆಗೀಗ ಕೆಲವು ರಾತ್ರಿ ಲಾಕಪ್ಪಿನಲ್ಲಿ ಕಳೆದದ್ದು ಬಿಟ್ಟರೆ ಜೈಲುಶಿಕ್ಷೆ ಅನುಭವಿಸಿದವರಲ್ಲ. 1968ರ ಜನವರಿಯಲ್ಲಿ ಫೋಲ್ಸಮ್ ಜೈಲಿನೊಳಗೆ ಕೈದಿಗಳ ಮುಂದೆ ಹಾಡಿದರು. ಕೊಲೆಯ ಸಾಲು ಬಂದಾಗ ಕೈದಿಯೊಬ್ಬ ಹೋ ಎಂದು ಕೂಗುವುದು ಆ ರೆಕಾರ್ಡಿನಲ್ಲಿದೆ. ಕೇಳಿದರೆ ಮೈ ಜುಂ ಅನ್ನುತ್ತದೆ. ಆ ಕೂಗು ಆಮೇಲೆ ಸ್ಟುಡಿಯೋದಲ್ಲಿ ಅಂಟಿಸಿದ್ದು! ಗೊತ್ತಾದ ಮೇಲೂ ನನಗೆ ಮೈ ಜುಂ ಅನ್ನುವುದು ನಿಂತಿಲ್ಲ, ಸುಳ್ಳು ಯಾಕೆ ಹೇಳಲಿ. ಮರ್ಲ್ ಹ್ಯಾಗರ್ಡ್ ಮಾತ್ರ ಸಾನ್ ಕ್ವೆಂಟಿನ್ ಜೈಲಿನಲ್ಲಿ ನಿಜವಾಗಿ ಶಿಕ್ಷೆ ಅನುಭವಿಸಿದವರು. ಕ್ಯಾಶ್ ಅಲ್ಲಿಗೆ ಬಂದು ಹಾಡಿದಾಗ ಕೈದಿಗಳ ಸಾಲಿನಲ್ಲಿ ಕೂತು ಕೇಳಿದ್ದರು. ಮುಂದೆ ಗಾಯಕರಾದಾಗ ಆ ವಿಷಯ ಹೊರಬಿದ್ದರೆ ಏನು ಗತಿ ಅಂತ ಹೆದರಿ ಮುಚ್ಚಿಟ್ಟಿದ್ದರು. ಹೇಳಿಬಿಡು ಅಂತ ಧೈರ್ಯ ತುಂಬಿದ್ದು ಅದೇ ಕ್ಯಾಶ್. ನೋಡಿ, ಜೈಲು ಕಾಣದವರು ಜೈಲಿನ ಗಾಯಕರಾದರು, ಕಂಡವರು ಬಾಯಿ ಬಿಡಲು ಅಳುಕಿದರು.

2019ರಲ್ಲಿ ಲಿಲ್ ನಾಸ್ ಎಕ್ಸ್ ಎಂಬ ಕಪ್ಪು ಹುಡುಗನ ಹಾಡನ್ನು, ಇದು ಕಂಟ್ರಿ ಅಲ್ಲ ಅಂತ ಜನಪ್ರಿಯ ಹಾಡುಗಳ ಪಟ್ಟಿ ಮಾಡುವ ಬಿಲ್‌ಬೋರ್ಡ್ ಪತ್ರಿಕೆ ತನ್ನ ಕಂಟ್ರಿ ಪಟ್ಟಿಯಿಂದ ತೆಗೆಯಿತು. 2025ರಲ್ಲಿ ಕಪ್ಪು ಗಾಯಕಿ ಬಿಯಾನ್ಸೆಗೆ ಕಂಟ್ರಿ ಆಲ್ಬಮ್ಮಿನ ಗ್ರ್ಯಾಮಿ ಬಂದಾಗಲೂ ಅದೇ ತಕರಾರು.

ಡಿಫೋರ್ಡ್ ಬೈಲಿ 1982ರಲ್ಲಿ ತೀರಿಕೊಂಡರು. ಕಂಟ್ರಿ ಸಂಗೀತದ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 2005ರಲ್ಲಿ. ಆ ರೈಲಿನ ಸದ್ದು ಹೇಗೆ ಕಲಿತಿರಿ ಅಂದರೆ ಅವರು ಹೇಳುತ್ತಿದ್ದದ್ದು ಇಷ್ಟು. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ರೈಲು ಸೇತುವೆ ಇತ್ತು. ಹುಡುಗ ಅದರ ಕೆಳಗೆ ನುಗ್ಗಿ, ಕೈಯಿಂದ ಕಣ್ಣು ಮುಚ್ಚಿಕೊಂಡು, ತಲೆಯ ಮೇಲೆ ರೈಲು ಹಾದುಹೋಗುವ ತನಕ ಕೇಳುತ್ತಿದ್ದ. ಆಮೇಲೆ ಶಾಲೆ ಮುಟ್ಟುವವರೆಗೂ ಅದನ್ನೇ ನುಡಿಸುತ್ತಾ ಹೋಗುತ್ತಿದ್ದ.

ನಮಸ್ಕಾರ.