ಸತೀವುಸ್, ಸತೀವ, ಸತೀವುಮ್: ಒಂದೇ ಪದಕ್ಕೆ ಮೂರು ಬಾಲ ಯಾಕೆ?

[ಪರದೆ: ಭತ್ತ, ಸೌತೆಕಾಯಿ, ಬೆಳ್ಳುಳ್ಳಿ]

ಸಸ್ಯಗಳ ಲ್ಯಾಟಿನ್ ಹೆಸರುಗಳಲ್ಲಿ ಭತ್ತ ಒರೈಜಾ ಸತೀವ. ಸೌತೆ ಕುಕುಮಿಸ್ ಸತೀವುಸ್. ಬೆಳ್ಳುಳ್ಳಿ ಅಲಿಯುಮ್ ಸತೀವುಮ್. ಅಚ್ಚಿನ ತಪ್ಪಲ್ಲ, ಮೂರೂ ಸರಿ. ಕಾಲೇಜಿನಲ್ಲಿ ‘ಸಟೈವ’ ಅಂತ ಕೇಳಿರ್ತೀರಿ, ಅದು ಇಂಗ್ಲಿಷ್ ಉಚ್ಚಾರ.

ಅರ್ಥ: ಬಿತ್ತಿ ಬೆಳೆದದ್ದು, ಕಾಡಿನಲ್ಲಿ ತಾನಾಗಿ ಹುಟ್ಟಿದ್ದಲ್ಲ. ‘ಸೆರೆರೆ’ ಅಂದ್ರೆ ಬಿತ್ತುವುದು, ‘ಸತುಸ್’ ಅಂದ್ರೆ ಬಿತ್ತಿದ. ಅದಕ್ಕೆ ‘ಈವುಸ್’ ಪ್ರತ್ಯಯ ಸೇರಿತು.

ಸೆರೆರೆಯಲ್ಲಿ ‘ರ’ ಹೇಗೆ ಬಂತು? ಮೊದಲು ಅಲ್ಲೂ ‘ಸ’ ಇತ್ತು. ಹಳೆಯ ಲ್ಯಾಟಿನ್‌ನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕ ‘ಸ’ಕಾರ ‘ರ’ಕಾರ ಆಯ್ತು. ಇನ್ನೂ ಸೊಗಸಾದದ್ದು ಇದೆ. ಇದೇ ಧಾತುವಿನ ‘ಸತಿಯೋ’, ಅಂದ್ರೆ ಬಿತ್ತನೆ, ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿನ ‘ಸೀಸನ್’ ಆಯ್ತು. ಬಿತ್ತನೆ ಹೋಗಿ ಬಿತ್ತುವ ಕಾಲ, ಆಮೇಲೆ ಯಾವ ಕಾಲವಾದರೂ ಸರಿ. ಮಾವಿನ ಸೀಸನ್, ಮದುವೆ ಸೀಸನ್ ಅನ್ನುವಾಗೆಲ್ಲ ನಮ್ಮ ನಾಲಿಗೆ ಮೇಲೆ ಇರೋದು ರೋಮನ್ ರೈತನ ಬಿತ್ತನೆ!

ಈಗ ಬಾಲದ ವಿಷಯ. ಕನ್ನಡದಲ್ಲಿ ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರ; ‘ಒಳ್ಳೆಯ’ ಅಲುಗೋದೇ ಇಲ್ಲ. ಸಂಸ್ಕೃತ ಹಾಗಲ್ಲ, ನಾಮಪದದ ಲಿಂಗಕ್ಕೆ ತಕ್ಕಂತೆ ಬಾಲ ಬದಲಾಗುತ್ತೆ: ಪುಲ್ಲಿಂಗ ನವಃ, ಸ್ತ್ರೀಲಿಂಗ ನವಾ, ನಪುಂಸಕ ನವಮ್. ಲ್ಯಾಟಿನ್‌ನಲ್ಲಿ ‘ಹೊಸ’ ಅನ್ನೋಕೆ ಅದೇ ಕ್ರಮದಲ್ಲಿ ನೊವುಸ್, ನೊವ, ನೊವುಮ್. ಎರಡೂ ಒಂದೇ ಮೂಲಭಾಷೆಯ ಕವಲುಗಳು, ಹಾಗಾಗಿ ಸಂಸ್ಕೃತ ಓದಿದವರಿಗೆ ಅರ್ಧ ಕೆಲಸ ಮುಗಿದಂತೆ.

ಎಡವೋದು ಇಲ್ಲಿ: ಕುಲನಾಮದ, ಅಂದ್ರೆ ಗಿಡದ ಹೆಸರಿನ ಮೊದಲ ಪದದ, ಕೊನೆ ನೋಡಿ ಬಾಲ ಅಂಟಿಸಬೇಡಿ. ಕುಕುಮಿಸ್, ಕ್ಯಾನಬಿಸ್ ಎರಡೂ ಮುಗಿಯೋದು ‘ಇಸ್’ನಲ್ಲೇ. ಮೊದಲನೆಯದು ಪುಲ್ಲಿಂಗ, ಎರಡನೆಯದು ಸ್ತ್ರೀಲಿಂಗ, ಅದಕ್ಕೇ ಗಾಂಜಾ ಗಿಡ ಕ್ಯಾನಬಿಸ್ ಸತೀವ. ಫೈಕಸ್ ಕೇಳೋಕೆ ಪುಲ್ಲಿಂಗ, ಆದರೆ ಲ್ಯಾಟಿನ್‌ನಲ್ಲಿ ಮರಗಳ ಹೆಸರು ಸಾಮಾನ್ಯವಾಗಿ ಸ್ತ್ರೀಲಿಂಗ; ಅರಳಿ ಮರ ಫೈಕಸ್ ರಿಲಿಜಿಯೋಸ. ನಿಘಂಟಿನಲ್ಲಿ ಕುಲನಾಮದ ಲಿಂಗ ನೋಡಿ, ಆಮೇಲೆ ಗುಣವಾಚಕ ಬರೆಯಿರಿ. ಬಾಲ ತಪ್ಪಿದರೆ ತಿದ್ದಲೇಬೇಕು ಅನ್ನೋದು ಸಸ್ಯನಾಮಕರಣದ ನಿಯಮ.

[ಪರದೆ: ವಿಭಕ್ತಿ ಪಟ್ಟಿ]

ಸಮಯ ಕಡಿಮೆ, ಉಳಿದದ್ದು ಬೇಗ. ಷಷ್ಠಿ: ಸತೀವಿ, ಸತೀವೈ, ಸತೀವಿ. ಔಷಧಿ ಗ್ರಂಥಗಳಲ್ಲಿ ‘ಬುಲ್ಬುಸ್ ಅಲಿಯಿ ಸತೀವಿ’, ಅಂದ್ರೆ ಬೆಳ್ಳುಳ್ಳಿಯ ಗೆಡ್ಡೆ. ನಾಮಪದ, ಗುಣವಾಚಕ ಎರಡೂ ಒಟ್ಟಿಗೇ ಷಷ್ಠಿಗೆ ಹೋಗಬೇಕು. ದ್ವಿತೀಯ: ಸತೀವುಮ್, ಸತೀವಮ್, ಸತೀವುಮ್. ಪ್ರಥಮಾ ಬಹುವಚನ: ಸತೀವಿ, ಸತೀವೈ, ಸತೀವ. ಗಮನಿಸಿ, ಕೊನೆಯ ನಪುಂಸಕ ‘ಸತೀವ’ ನೋಡೋಕೆ ಸ್ತ್ರೀಲಿಂಗ ಏಕವಚನದ ಹಾಗೇ ಇದೆ. ಗದ್ಯ ಓದುವಾಗ ಪಕ್ಕದ ನಾಮಪದ ನೋಡಿ ತೀರ್ಮಾನಿಸಿ. ಗಿಡದ ಹೆಸರಿನಲ್ಲಿ ಆ ಗೊಂದಲ ಬರಲ್ಲ, ಅಲ್ಲಿ ಕುಲನಾಮ ಯಾವಾಗಲೂ ಏಕವಚನ.