ಗೊರಕೆ: ಸದ್ದು ಮತ್ತು ಅದರ ನಡುವಿನ ಮೌನ

ಆತ್ಮೀಯರೇ,

ಗೊರಕೆ ಹೊಡೆಯುವವರಿಗೆ ತಮ್ಮ ಗೊರಕೆ ಕೇಳಿಸುವುದಿಲ್ಲ. ಪಕ್ಕದಲ್ಲಿ ಮಲಗಿದವರೇ ಅದಕ್ಕೆ ಸಾಕ್ಷಿ. ಹೀಗಾಗಿ ನನ್ನ ಇಂದಿನ ಮಾತು ಗೊರಕೆ ಹೊಡೆಯುವವರಿಗೆ ಎಷ್ಟೋ, ಅದನ್ನು ಕೇಳುತ್ತ ಎಚ್ಚರವಿರುವವರಿಗೂ ಅಷ್ಟೇ. ಗೊರಕೆ ಬಂತೆಂದರೆ ಗಾಢನಿದ್ರೆ ಬಂತು ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ತಪ್ಪು ಎಂಬುದನ್ನು ತಿಳಿಸುವುದೇ ನನ್ನ ಮುಖ್ಯ ಉದ್ದೇಶ.

ನಾಲಿಗೆಯ ತುದಿಯನ್ನು ಬಾಯಿಯ ಮೇಲ್ಛಾವಣಿಗೆ ಒತ್ತಿ ಮೆಲ್ಲನೆ ಹಿಂದಕ್ಕೆ ಸರಿಸಿ ನೋಡಿ. ಗಟ್ಟಿಯಾದ ಭಾಗ ಮುಗಿದು ಮೆತ್ತನೆಯ ಭಾಗ ತಾಕುತ್ತದೆ. ಅದು ಮೆದು ಅಂಗುಳ; ಅದರ ಅಂಚಿನಲ್ಲಿ ಕಿರುನಾಲಿಗೆ ಜೋತುಬಿದ್ದಿದೆ. ಎಚ್ಚರವಿದ್ದಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಡುತ್ತವೆ. ನಿದ್ರೆ ಹತ್ತಿದಂತೆ ಅವು ಸಡಿಲಗೊಂಡು ದಾರಿ ಕಿರಿದಾಗುತ್ತದೆ. ಇಕ್ಕಟ್ಟಿನಲ್ಲಿ ಗಾಳಿ ರಭಸದಿಂದ ನುಗ್ಗುವಾಗ ಅಲ್ಲಿನ ಒತ್ತಡ ಕುಸಿಯುತ್ತದೆ, ಸಡಿಲ ಗೋಡೆಗಳು ಒಳಕ್ಕೆ ಸೆಳೆದುಕೊಂಡು ಪಟಪಟನೆ ಅದುರುತ್ತವೆ. ಗೊರಕೆಯೆಂದರೆ ಈ ಅದುರಾಟದ ಸದ್ದು.

ದಾರಿ ಕಿರಿದಾಗಲು ಕಾರಣಗಳು ಒಬ್ಬೊಬ್ಬರಲ್ಲಿ ಒಂದೊಂದು. ಅಂಗಾತ ಮಲಗಿದರೆ ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ. ಮದ್ಯ ಮತ್ತು ಕೆಲವು ನಿದ್ರೆ ಮಾತ್ರೆಗಳು ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸುತ್ತವೆ. ಬೊಜ್ಜು ಹೊಟ್ಟೆಯಲ್ಲಷ್ಟೇ ಅಲ್ಲ, ಕುತ್ತಿಗೆಯ ಒಳಗೂ ಶೇಖರವಾಗುತ್ತದೆ; ಕುತ್ತಿಗೆಯ ಸುತ್ತಳತೆ ಪುರುಷರಲ್ಲಿ ಸುಮಾರು 43 ಸೆಂಟಿಮೀಟರ್, ಮಹಿಳೆಯರಲ್ಲಿ 41 ಸೆಂಟಿಮೀಟರ್ ದಾಟಿದರೆ ಗಮನ ಕೊಡಬೇಕು. ಆದರೆ ತೆಳ್ಳಗಿನವರೂ ಗೊರಕೆ ಹೊಡೆಯುತ್ತಾರೆ. ಕೆಳದವಡೆ ಚಿಕ್ಕದಾಗಿದ್ದರೆ, ಮೂಗಿನ ನಡುಗೋಡೆ ಡೊಂಕಾಗಿದ್ದರೆ, ಅಲರ್ಜಿಯಿಂದ ಮೂಗು ಕಟ್ಟಿದ್ದರೆ ಅವರಿಗೂ ಇದೇ ಪಾಡು. ಮಹಿಳೆಯರಲ್ಲಿ ಮುಟ್ಟು ನಿಂತ ಬಳಿಕ ಗೊರಕೆ ಹೆಚ್ಚುತ್ತದೆ, ಸಂಕೋಚದಿಂದ ಅದನ್ನು ವೈದ್ಯರ ಬಳಿ ಹೇಳದವರೇ ಹೆಚ್ಚೆಂದು ನನಗನಿಸುತ್ತದೆ.

ಸದ್ದಿಗಿಂತ ಅದರ ನಡುವಿನ ಮೌನವನ್ನು ಗಮನಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ಜೋರಾಗಿ ಸಾಗುತ್ತಿದ್ದ ಗೊರಕೆ ಥಟ್ಟನೆ ನಿಲ್ಲುತ್ತದೆ. ಎದೆ ಏರಿಳಿಯುತ್ತಿದ್ದರೂ ಗಾಳಿ ಒಳಗೆ ಹೋಗುತ್ತಿಲ್ಲ. ಕೆಲವು ಕ್ಷಣಗಳ ಬಳಿಕ ಉಸಿರುಗಟ್ಟಿದವರಂತೆ ಏದುಸಿರಿನೊಂದಿಗೆ ಗೊರಕೆ ಮರಳುತ್ತದೆ. 10 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಕಾಲದ ಇಂತಹ ತಡೆಗಳು ಮರುಕಳಿಸುವ ಸ್ಥಿತಿಯನ್ನು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಉಸಿರು ಪೂರ್ತಿ ನಿಲ್ಲುವ ಅಥವಾ ತೀರಾ ಕುಗ್ಗುವ ಪ್ರಸಂಗಗಳು ಗಂಟೆಗೆ 30 ಅಥವಾ ಹೆಚ್ಚಾದರೆ ಅದು ತೀವ್ರ ಹಂತ. ಪ್ರತಿ ಬಾರಿಯೂ ರಕ್ತದಲ್ಲಿ ಆಮ್ಲಜನಕ ಇಳಿದು, ಮಿದುಳು ಕ್ಷಣಕಾಲ ಎಚ್ಚೆತ್ತು ಉಸಿರನ್ನು ಮರಳಿ ತರುತ್ತದೆ. ಬೆಳಗ್ಗೆ ಇದಾವುದೂ ನೆನಪಿರುವುದಿಲ್ಲ, ಉಳಿಯುವುದು ತಲೆನೋವು ಮತ್ತು ಹಗಲಿನ ತೂಕಡಿಕೆ. ವಾಹನ ಓಡಿಸುವವರಿಗೆ ಈ ತೂಕಡಿಕೆ ಪ್ರಾಣಾಂತಿಕ. ರಕ್ತದೊತ್ತಡ, ಹೃದ್ರೋಗ, ಪಾರ್ಶ್ವವಾಯುಗಳೊಂದಿಗೂ ಇದಕ್ಕೆ ನಂಟಿದೆ.

ಉಸಿರು ನಿಲ್ಲದ ಬರೀ ಗೊರಕೆಯಾದರೆ ಮನೆಯಲ್ಲೇ ಬಹಳಷ್ಟು ಮಾಡಬಹುದು. ಮಗ್ಗುಲಾಗಿ ಮಲಗುವುದು, ಮಲಗುವ ಮುನ್ನ ಮದ್ಯವನ್ನು ದೂರವಿಡುವುದು, ತೂಕ ಇಳಿಸುವುದು, ಮೂಗು ಕಟ್ಟುವುದಕ್ಕೆ ಚಿಕಿತ್ಸೆ ಪಡೆಯುವುದು ಫಲ ಕೊಡುತ್ತವೆ. ಅಂಗಾತ ಹೊರಳುವ ಅಭ್ಯಾಸ ಬಿಡದವರು ಅಂಗಿಯ ಬೆನ್ನಿಗೆ ಚೆಂಡೊಂದನ್ನು ಹೊಲಿದುಕೊಳ್ಳುವ ಹಳೆಯ ಉಪಾಯ ಇಂದಿಗೂ ಕೆಲವರಿಗೆ ಒದಗುತ್ತದೆ.

ಮಕ್ಕಳು ದಿನವೂ ಗೊರಕೆ ಹೊಡೆಯುತ್ತಿದ್ದರೆ ಮಾತ್ರ ಕಾಯಬೇಡಿ. ಅವರಲ್ಲಿ ಟಾನ್ಸಿಲ್ ಮತ್ತು ಮೂಗಿನ ಹಿಂಬದಿಯಲ್ಲಿರುವ ಅಡಿನಾಯ್ಡ್ ಎಂಬ ಮೆದು ಅಂಗಾಂಶ ಊದಿಕೊಂಡಿರುವುದೇ ಸಾಮಾನ್ಯ ಕಾರಣ, ಮತ್ತು ನಿದ್ರೆಗೆಟ್ಟ ಮಗು ತೂಕಡಿಸುವ ಬದಲು ಚಡಪಡಿಸುವುದರಿಂದ ಅದನ್ನು ತುಂಟತನವೆಂದು ಬೈದುಬಿಡುತ್ತೇವೆ.

ಉಸಿರು ನಿಲ್ಲುವ ಅನುಮಾನವಿದ್ದರೆ ಮೊಬೈಲ್‌ನಲ್ಲಿ ಒಂದೆರಡು ನಿಮಿಷ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ. ನಿದ್ರಾ ಪರೀಕ್ಷೆಯಿಂದ ವಿಷಯ ಖಚಿತವಾಗುತ್ತದೆ. ಆಗ ದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನವನ್ನೋ, ಮುಖಗವಸಿನ ಮೂಲಕ ಒತ್ತಡದ ಗಾಳಿ ಊದಿ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರವನ್ನೋ ಸೂಚಿಸಬಹುದು. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಈ ಸಿಪ್ಯಾಪ್ ವಿಧಾನವನ್ನು ಪ್ರಕಟಿಸಿದರು. ಅನೇಕರು ಮೊದಲ ವಾರಗಳಲ್ಲೇ ಬೇಸತ್ತು ಯಂತ್ರವನ್ನು ಎತ್ತಿಡುತ್ತಾರೆ. ಗವಸಿನ ಅಳತೆ ಬದಲಿಸಿದರೆ ಎಷ್ಟೋ ಬಾರಿ ಆ ಕಿರಿಕಿರಿ ಕಡಿಮೆಯಾಗುತ್ತದೆ. ಪಟ್ಟಿ ಎಲ್ಲಿ ಸಡಿಲವಾಗಿದೆ, ಗಾಳಿ ಯಾವ ಬದಿಯಿಂದ ಸೋರುತ್ತಿದೆ ಎಂಬುದನ್ನು ನೋಡಿ ಹೇಳಬಲ್ಲವರೂ ಪಕ್ಕದಲ್ಲಿ ಮಲಗಿದವರೇ.