ಒದ್ದೆ ಗಾಳಿಯ ತೂಕ

ಕೇಳುಗರೆಲ್ಲರಿಗೂ ನಮಸ್ಕಾರ.

ಏಪ್ರಿಲ್ ತಿಂಗಳ ಮಧ್ಯಾಹ್ನ ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಗೊತ್ತು, ಬಂಡೆ ಮೇಲೆ ಬರಿಗೈ ಇಡಲು ಆಗುವುದಿಲ್ಲ. ಅಂಥದ್ದೊಂದು ಮಧ್ಯಾಹ್ನ ಏಕನಾಥೇಶ್ವರಿ ಗುಡಿಯ ಹತ್ತಿರ ನೆರಳು ಹುಡುಕಿ ಕೂತಿದ್ದೆ. ಎದುರಿಗೆ ಒಂದು ಹದ್ದು. ರೆಕ್ಕೆ ಚಾಚಿತ್ತು, ಆದರೆ ಒಂದು ಸಲವೂ ಬಡಿಯಲಿಲ್ಲ. ಬಾಲವನ್ನು ಮಾತ್ರ ಆಗಾಗ ಓರೆ ಮಾಡುತ್ತಾ, ಸುಮ್ನೆ ಸುತ್ತು ಹಾಕುತ್ತಾ ಹಾಕುತ್ತಾ ಚುಕ್ಕೆಯಷ್ಟು ಚಿಕ್ಕದಾಯಿತು.

ಅದನ್ನು ಎತ್ತಿದ್ದು ಆ ಬಂಡೆಗಳೇ. ಕಾದ ಬಂಡೆ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಹಿಗ್ಗಿ ಹಗುರಾಗಿ ಮೇಲೇಳುತ್ತದೆ. ತಣ್ಣನೆಯ ಗಾಳಿ ಕೆಳಗಿಳಿದು ಆ ಜಾಗ ತುಂಬುತ್ತದೆ. ಶಾಲೆಯಲ್ಲಿ ಉಷ್ಣ ಸಂವಹನ ಅಂತ ಓದಿದ್ದೇವಲ್ಲ, ಅದು ಇದೇ. ಚಳ್ಳಕೆರೆ ಕಡೆ ಹೊಲದಲ್ಲಿ ಧೂಳೆಬ್ಬಿಸುವ ಸುಂಟರಗಾಳಿಯೂ ಇದರ ಕೂಸು. ಸಂಜೆ ಗುಡುಗಿ ಸುರಿಯುವ ಅಡ್ಡಮಳೆಯೂ ಇದರ ಕೂಸೇ.

ಮಳೆ ಅಂದಾಗ ಒಂದು ಮಾತು. ಒದ್ದೆ ಗಾಳಿ ಭಾರ ಅಂತ ನಮಗೆ ಅನಿಸುತ್ತದೆ, ಅಲ್ವಾ? ಒದ್ದೆ ಬಟ್ಟೆ ಭಾರ, ಒದ್ದೆ ಕಟ್ಟಿಗೆ ಭಾರ. ಗಾಳಿಯ ವಿಷಯದಲ್ಲಿ ಇದು ತಲೆಕೆಳಗು. ನೀರಾವಿಯ ಒಂದು ಅಣುವಿನ ತೂಕ 18 ಅಂತ ಇಟ್ಟುಕೊಂಡರೆ ನಮ್ಮ ಗಾಳಿಯ ಅಣುವಿನ ಸರಾಸರಿ ತೂಕ ಸುಮಾರು 29. ಹಾಗಾಗಿ ಆವಿ ಸೇರಿದಷ್ಟೂ ಗಾಳಿ ಹಗುರಾಗುತ್ತದೆ, ಇನ್ನೂ ಸಲೀಸಾಗಿ ಮೇಲೇಳುತ್ತದೆ. ನಮ್ಮ ಬಯಲುಸೀಮೆಯ ಮೋಡಕ್ಕೆ ಈ ಚಿಕ್ಕ ಸಹಾಯ ಸಿಗುತ್ತದೆ.

ಈಗ ಶನಿಗ್ರಹಕ್ಕೆ ಹೋಗೋಣ. ಅಲ್ಲಿ ಕಾಲಿಡಲು ನೆಲವಿಲ್ಲ, ಕಾಯಲು ಬಂಡೆಯಿಲ್ಲ. ಗಾಳಿಯ ಬಹುಪಾಲು ಹೈಡ್ರೋಜನ್. ಅದರ ಅಣುವಿನ ತೂಕ ಬರೀ 2. ಅದರ ನಡುವೆ 18ರ ನೀರಾವಿ ಸೇರಿದರೆ? ಅಲ್ಲಿ ಒದ್ದೆ ಗಾಳಿ ನಿಜಕ್ಕೂ ಭಾರ! ಗ್ರಹದ ಒಳಗಿನಿಂದ ಕಾವು ಬರುತ್ತಲೇ ಇರುತ್ತದೆ. ಆದರೆ ಕೆಳಗಿನ ಒದ್ದೆ ಗಾಳಿ ಬಿಸಿಯಾಗಿದ್ದರೂ ತನ್ನ ಭಾರಕ್ಕೆ ಕೆಳಗೇ ಕೂರುತ್ತದೆ. ಮೇಲೆ ಒಣಗಾಳಿ ಹಗುರಾಗಿ ತೇಲುತ್ತಿರುತ್ತದೆ.

ಅಮ್ಮ ಮುದ್ದೆಗೆ ಇಡುತ್ತಿದ್ದುದು ನನಗೆ ನೆನಪಾಗುತ್ತದೆ. ಕುದಿಯುವ ಎಸರಿಗೆ ರಾಗಿ ಹಿಟ್ಟು ಸುರಿದು, ಕೋಲು ಆಡಿಸದೆ ಹಾಗೇ ಬಿಡುತ್ತಿದ್ದರು. ಹಿಟ್ಟು ಗುಡ್ಡದ ಹಾಗೆ ಕೂತಿರುತ್ತಿತ್ತು. ಕೆಳಗೆ ಕುದಿ, ಮೇಲೆ ಸದ್ದಿಲ್ಲ. ಆಮೇಲೆ ಎಲ್ಲೋ ಒಂದು ಕಡೆ ಹಿಟ್ಟು ಸೀಳಿ ಗೊಳಕ್ ಅಂತ ಉಕ್ಕುತ್ತಿತ್ತು. ಶನಿಯಲ್ಲಿ ಮೇಲೆ ಹಿಟ್ಟಿನಂಥ ಮುಚ್ಚಳ ಇಲ್ಲ. ಒದ್ದೆ ಗಾಳಿಯ ತೂಕವೇ ಅದನ್ನು ಹಿಡಿದಿಡುತ್ತದೆ.

ಆ ಹಿಡಿತ ಬಿಡುವುದು ಯಾವಾಗ? ಮೇಲಿನ ಒಣಗಾಳಿ ತನ್ನ ಕಾವನ್ನು ಬಾಹ್ಯಾಕಾಶಕ್ಕೆ ಬಿಡುತ್ತಾ ನಿಧಾನವಾಗಿ ತಣ್ಣಗಾಗುತ್ತದೆ. ಬಹಳ ನಿಧಾನ, ವರ್ಷಗಟ್ಟಲೆ. ತಣಿದು ತಣಿದು ಕೊನೆಗೊಮ್ಮೆ ಕೆಳಗಿನ ಒದ್ದೆ ಗಾಳಿಗಿಂತ ಭಾರವಾಗುತ್ತದೆ. ಆಗ ಅದು ಕುಸಿಯುತ್ತದೆ, ಒದ್ದೆ ಗಾಳಿ ಮೇಲಕ್ಕೆ ನುಗ್ಗುತ್ತದೆ. ಆವಿ ಹನಿಯಾಗುವಾಗ ಬಿಡುವ ಕಾವು ಅದನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. 2010ರ ಡಿಸೆಂಬರಿನಲ್ಲಿ ಹೀಗೇ ಎದ್ದ ಬಿರುಗಾಳಿ ಎರಡೇ ತಿಂಗಳ ಸುಮಾರಿಗೆ ಇಡೀ ಗ್ರಹವನ್ನು ಸುತ್ತಿತು. ಶನಿಯ ಅಡ್ಡಳತೆ ಭೂಮಿಯ ಒಂಬತ್ತು ಪಟ್ಟು ಅನ್ನುವುದು ನೆನಪಿರಲಿ. ಅಲ್ಲೇ ಸುತ್ತುತ್ತಿದ್ದ ಕ್ಯಾಸಿನಿ ನೌಕೆಗೆ ಅದರ ಮಿಂಚುಗಳು ರೇಡಿಯೋ ಸದ್ದಾಗಿ ಕೇಳಿಸಿದವು. ಇಂಥ ದೊಡ್ಡ ಬಿರುಗಾಳಿಗಳು ಅದಕ್ಕೂ ಮುಂಚೆ 1876, 1903, 1933, 1960, 1990ರಲ್ಲಿ ಕಂಡಿದ್ದವು. ಯಾಕಿಷ್ಟು ವರ್ಷಗಳ ಬಿಡುವು ಎಂಬುದಕ್ಕೆ ಈಗ ಹೇಳಿದ ಈ ತೂಕದ ವಿವರಣೆಯನ್ನು 2015ರಲ್ಲಿ ಕೊಟ್ಟವರು ವಿಜ್ಞಾನಿಗಳಾದ ಚೆಂಗ್ ಲೀ ಮತ್ತು ಆ್ಯಂಡ್ರೂ ಇಂಗರ್ಸಾಲ್. ಮಳೆಗೆ ಕಾಯುವುದು ನಮಗೆ ಹೊಸದಲ್ಲ, ಆದರೂ ಇದನ್ನು ಮೊದಲು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇದಕ್ಕಿಂತ ವಿಚಿತ್ರ ಆಕಾಶಗಳೂ ಇವೆ. ಕಂದು ಕುಬ್ಜಗಳು ಅಂತ ಕೇಳಿದ್ದೀರಾ? ಗ್ರಹಕ್ಕೂ ನಕ್ಷತ್ರಕ್ಕೂ ನಡುವಿನವು ಇವು. ಗುರುಗ್ರಹದ ಸುಮಾರು 13 ಪಟ್ಟಿಗಿಂತ ಜಾಸ್ತಿ ತೂಕ ಇರುತ್ತದೆ, ಆದರೆ ಸೂರ್ಯನ ಹಾಗೆ ಉರಿಯುತ್ತಾ ಇರಲು ಆ ತೂಕ ಸಾಲುವುದಿಲ್ಲ. ಹುಟ್ಟುವಾಗ ಕುಗ್ಗಿ ಪಡೆದ ಕಾವನ್ನೇ ಕಳೆಯುತ್ತಾ ಬದುಕುತ್ತವೆ. ಒಳಗೆಲ್ಲ ಎಸರಿನ ಹಾಗೆ ಮೊಗಚುತ್ತಿರುತ್ತವೆ. ಕೆಲವುಗಳಲ್ಲಿ ಎಷ್ಟು ಬಿಸಿ ಅಂದರೆ, ಮೋಡ ಕಟ್ಟುವುದು ನೀರಿನಿಂದಲ್ಲ, ಕರಗಿದ ಕಬ್ಬಿಣದ ಹನಿಗಳಿಂದ, ಮರಳಿನಂಥ ಖನಿಜದ ಕಣಗಳಿಂದ. ನಮ್ಮ ಕೋಟೆಯ ಬಂಡೆ ಯಾವ ಬಗೆಯ ಖನಿಜವೋ ಅದೇ ಬಗೆಯದು ಅಲ್ಲಿ ಮೋಡವಾಗಿ ತೇಲುತ್ತದೆ! ಲುಮನ್ 16 ಎಂಬ ಇಂಥದ್ದೊಂದು ಜೋಡಿ 2013ರಲ್ಲಿ ಸಿಕ್ಕಿತು, ಬರೀ ಆರೂವರೆ ಜ್ಯೋತಿರ್ವರ್ಷ ದೂರದಲ್ಲಿ. ಮರುವರ್ಷವೇ ಚಿಲಿ ದೇಶದ ದೊಡ್ಡ ದೂರದರ್ಶಕದಿಂದ ಅವೆರಡರಲ್ಲಿ ಒಂದರ ಮೈಮೇಲಿನ ಕಪ್ಪು ಬಿಳುಪು ಮಚ್ಚೆಗಳ ನಕ್ಷೆ ಬರೆದರು.

ಶನಿಯನ್ನು ನೋಡಲು ಅಷ್ಟು ದೊಡ್ಡ ದೂರದರ್ಶಕ ಬೇಡ. 1933ರ ಬಿರುಗಾಳಿಯನ್ನು ಕಂಡುಹಿಡಿದವರು ವಿಲ್ ಹೇ ಎಂಬ ಇಂಗ್ಲೆಂಡಿನ ಹಾಸ್ಯನಟ. ಆರು ಇಂಚಿನ ದೂರದರ್ಶಕ ಅವರದು. ಆಗಸ್ಟ್ ತಿಂಗಳ ಒಂದು ರಾತ್ರಿ ಅದಕ್ಕೆ ಕಣ್ಣಿಟ್ಟಾಗ ಶನಿಯ ನಡುವಿನ ಪಟ್ಟಿಯಲ್ಲಿ ಒಂದು ಬಿಳಿ ಮಚ್ಚೆ ಕಂಡಿತು, ಹಿಂದಿನ ದಿನಗಳಲ್ಲಿ ಇಲ್ಲದ್ದು. ಜೋಗಿಮಟ್ಟಿಯ ಕಡೆ ಊರಿನ ದೀಪ ಕಡಿಮೆ ಇರುವ ಜಾಗದಲ್ಲಿ ಚಿಕ್ಕ ದೂರದರ್ಶಕ ಹೂಡಿದರೂ ಶನಿಯ ಬಳೆ ಚೆನ್ನಾಗಿ ಕಾಣುತ್ತದೆ. ಬಳೆ ನೋಡಿ ಕಣ್ಣು ತುಂಬಿದ ಮೇಲೆ, ಮಧ್ಯದ ಹಳದಿ ಉಂಡೆಯನ್ನೂ ಸ್ವಲ್ಪ ಹೊತ್ತು ನೋಡಿ.

ನಮಸ್ಕಾರ.